ಕಡಲಿಗಿಳಿಯುವ ಮಕ್ಕಳಿಗೆ ಕಟ್ಟಿಕೊಡಬೇಕಾದ ಗಂಟು

ಮದ್ದೂರಿನ ಸಮೀಪ ಶಿಂಷಾ ನದಿಯ ದಂಡೆಯಲ್ಲಿರುವ ವೈದ್ಯನಾಥಪುರ ನಮ್ಮ ಸೀಮೆಯವರಿಗೆಲ್ಲ ಪರಿಚಿತವಾದ ಕ್ಷೇತ್ರ. ರೋಗ ಕಳೆಯುವ ದೇವನೆಂದು ನಂಬಿ ಜನರು ವೈದ್ಯನಾಥೇಶ್ವರನ ಸನ್ನಿಧಿಗೆ ಬರುತ್ತಾರೆ. ಕಳೆದ ಕಾರ್ತಿಕಮಾಸದ ಒಂದು ಸೋಮವಾರ ನಾವು ಅಲ್ಲಿಗೆ ಹೋಗಿದ್ದಾಗ ಆ ಊರಿನ ಒಂದು ಮನೆಯವರು ಪ್ರಸಾದಕ್ಕೆ ಬಿನ್ನಹ ಮಾಡಿದರು. ಪ್ರಸಾದವಾಗಿ ಕೈತೊಳೆದು ಕುಳಿತಾಗ ಮನೆಯ ತಾಯಿ ಬಾಗಿಲ ಬಳಿ ನಿಂತು ಕೇಳಿದರು:

“ಬುದ್ಧಿ, ಮಕ್ಳು ಸಮುದ್ರದೊಳಕ್ಕೆ ಇಳೀತೀವಿ ಅಂತ ಕುಂತವ್ರೆ. ಬ್ಯಾಡ ಅಂದ್ರೆ ಕೇಳಾಕಿಲ್ಲ. ಏನೇನು ಕಟ್ಟಿ ಕಳಿಸ್ಲಿ? ಎದೆ ಮೇಲಿರೋ ಲಿಂಗಕ್ಕೇನು ಮಾಡ್ಲಿ?”

ಆ ತಾಯಿ ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಕಲಿತವರಿಗೆ ಕಡಲಯಾನದ ಬುತ್ತಿಯ ವಿಚಾರ ತಿಳಿಯುವುದಾದರೂ ಹೇಗೆ? ಎರಡನೆಯದಕ್ಕೆ ಮಾತ್ರ ಅರ್ಧ ಗಂಟೆ ಉತ್ತರ ಹೇಳಿದೆವು. ಆಮೇಲೆ ಮಾಘಮಾಸದಲ್ಲಿ ಅದೇ ಕುಟುಂಬದೊಡನೆ ಮುರುಡೇಶ್ವರಕ್ಕೆ ಹೋಗಿ, ಮಕ್ಕಳು ಏರಿದ ದೋಣಿಯಲ್ಲಿಯೇ ಕುಳಿತು ಬಂದ ಮೇಲೆ, ನಮ್ಮ ಉತ್ತರದಲ್ಲಿದ್ದ ಕೊರತೆ ನಮಗೆ ತಿಳಿಯಿತು. ಇಂಥ ಆಸೆಯುಳ್ಳ ಮಕ್ಕಳು ಈಗ ಅನೇಕ ಮನೆಗಳಲ್ಲಿ ಇದ್ದಾರೆ. ಆದಕಾರಣ ಕಂಡದ್ದನ್ನೂ ಬಲ್ಲವರಿಂದ ಕೇಳಿ ತಿಳಿದದ್ದನ್ನೂ ಭಕ್ತರ ಮುಂದಿಡುತ್ತಿದ್ದೇವೆ.

ನೇತ್ರಾಣಿಯೆಂಬ ನಡುಗಡ್ಡೆ

ಉತ್ತರಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ಕಲ್ಲುಗುಡ್ಡದ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿ ಹವಳದ ಬಂಡೆಗಳೂ ಬಣ್ಣಬಣ್ಣದ ಮೀನುಗಳೂ ಇವೆ. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ನೀರಿನೊಳಗೆ ಇಳಿಯುವ ಸ್ಕೂಬಾ ಎಂಬ ಕ್ರೀಡೆಗೆ ಕರ್ನಾಟಕದಲ್ಲಿ ಹೆಸರಾದ ಸ್ಥಳ ಇದೇ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಡಲು ಅನುಕೂಲವಾಗಿರುತ್ತದೆ. ೨೦೨೨ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ನಟ ಪುನೀತ್ ರಾಜ್‌ಕುಮಾರರು ನೇತ್ರಾಣಿಯ ನೀರಿಗೆ ಇಳಿಯುವುದನ್ನು ನೋಡಿದ ಮೇಲೆ, ಬಯಲುಸೀಮೆಯ ನಮ್ಮ ಮಕ್ಕಳಿಗೂ ಆ ಹೆಸರು ಮನೆಮಾತಾಯಿತು. ವೈದ್ಯನಾಥಪುರದ ಮಕ್ಕಳಿಗೆ ಆಸೆ ಹುಟ್ಟಿದ್ದೂ ಅಲ್ಲಿಂದಲೇ.

ಈ ಉಪಕರಣ ಬಹಳ ಹಳೆಯದೇನಲ್ಲ. ೧೯೪೩ರಲ್ಲಿ ಫ್ರಾನ್ಸ್ ದೇಶದ ಕುಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು, ಉಸಿರೆಳೆದಾಗ ಮಾತ್ರ ಬೇಕಾದಷ್ಟು ಗಾಳಿಯನ್ನು ಬಿಡುವ ಯಂತ್ರವನ್ನು ಸಿದ್ಧಪಡಿಸಿದರು. ಇಂದಿನ ಸಲಕರಣೆಗಳೆಲ್ಲ ಅದರ ಸಂತತಿ. ಬೆನ್ನ ಮೇಲಿನ ಉರುಳೆಯಲ್ಲಿ ಆಮ್ಲಜನಕ ತುಂಬಿರುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಾವು ನೀವು ಉಸಿರಾಡುವ ಗಾಳಿಯನ್ನೇ ಒತ್ತಿ ಅದರಲ್ಲಿ ತುಂಬಿರುತ್ತಾರೆ. ಉರುಳೆ, ಮುಖಕ್ಕೆ ಹಾಕುವ ಗಾಜಿನ ಕವಚ, ಕಾಲಿಗೆ ಕಟ್ಟುವ ಈಜುರೆಕ್ಕೆ, ಮೈಗೆ ಅಂಟಿಕೊಳ್ಳುವ ರಬ್ಬರಿನ ಅಂಗಿ, ಇವೆಲ್ಲವನ್ನೂ ದೋಣಿಯವರೇ ಕೊಡುತ್ತಾರೆ. ಹೊಸಬರ ಜೊತೆಗೆ ಶಿಕ್ಷಕನೊಬ್ಬ ಕೈಬಿಡದೆ ಇರುತ್ತಾನೆ. ಹಾಗಾದರೆ ಮನೆಯಿಂದ ಒಯ್ಯಬೇಕಾದದ್ದು ಏನು? ದೋಣಿಯವರು ಕೊಡುವುದು ನೀರಿಗಿಳಿಸುವ ಸಾಧನ. ಇಳಿಯುವ ಮುಂಚೆಯೂ ಎದ್ದು ಬಂದ ಮೇಲೆಯೂ ದೇಹವನ್ನು ಸುಸ್ಥಿತಿಯಲ್ಲಿಡುವ ಸಾಮಾನನ್ನು ನಾವೇ ಕಟ್ಟಿಕೊಳ್ಳಬೇಕು.

ಗಂಟು ಕಟ್ಟುವ ಮೊದಲು

ಶಿಂಷೆಯಲ್ಲಿ ಈಜಿ ಬೆಳೆದ ಹುಡುಗರಿಗೆ ನೀರಿನ ಭಯವಿರುವುದಿಲ್ಲ. ಅದು ಒಳ್ಳೆಯದೇ. ಆದರೆ ಹೊಳೆಯಲ್ಲಿ ಉಸಿರು ಕಟ್ಟಿ ಮುಳುಗುವವನು ಕಡಲಿನಲ್ಲಿ ಆ ಅಭ್ಯಾಸವನ್ನು ಮರೆಯಬೇಕು. ಉರುಳೆಯ ಗಾಳಿಯನ್ನು ಸೇದುತ್ತಿರುವಾಗ ಉಸಿರು ಕಟ್ಟಲೇಬಾರದೆಂಬುದು ಮೊದಲ ಪಾಠ. ಪ್ರತಿ ೧೦ ಮೀಟರು ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಡದೆ ಮೇಲೆ ಬಂದರೆ ಆ ಗಾಳಿ ಉಬ್ಬಿ ಪುಪ್ಪುಸಕ್ಕೆ ಗಾಯವಾಗುತ್ತದೆ. ಕಿವಿಯ ಒಳಗಿನ ಗಾಳಿಗೂ ಇದೇ ನಿಯಮ. ಮೂಗು ಹಿಡಿದು ಮೆಲ್ಲನೆ ಗಾಳಿಯೂದಿ ಕಿವಿಯನ್ನು ಸಡಿಲಗೊಳಿಸುತ್ತ ಇಳಿಯಬೇಕು. ನೆಗಡಿಯಾದವರಿಗೆ ಇದು ಸಾಧ್ಯವಾಗುವುದಿಲ್ಲ. ಆದ್ದರಿಂದ ಶೀತವಿದ್ದಾಗ ಹಣ ಕಟ್ಟಿದ್ದರೂ ಇಳಿಯಬಾರದು.

ದೋಣಿ ಏರುವ ಮುಂಚೆ ಆರೋಗ್ಯದ ಪ್ರಶ್ನೆಗಳಿರುವ ಒಂದು ಪತ್ರವನ್ನು ತುಂಬಿಸಿಕೊಳ್ಳುತ್ತಾರೆ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭ, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಬರೆಯಬೇಕು. ಇಂಥವರಲ್ಲಿ ಗರ್ಭಿಣಿಯರು ಇಳಿಯಲೇಬಾರದು. ಉಳಿದವರು ಊರಿನಲ್ಲಿಯೇ ವೈದ್ಯರನ್ನು ಕಂಡು ಅವರ ಒಪ್ಪಿಗೆಪತ್ರವನ್ನು ಜೊತೆಗೆ ಒಯ್ಯುವುದು ಲೇಸು. ಗಂಟಿಗೆ ಸೇರಬೇಕಾದ ಮೊದಲ ಹೆಚ್ಚಿನ ವಸ್ತು ಈ ಕಾಗದವೇ. ವೈದ್ಯನಾಥನಿಗೆ ಕೈಮುಗಿದು ಹೊರಡುವವರು ವೈದ್ಯನ ಮಾತನ್ನೂ ಕೇಳಬೇಕಲ್ಲವೆ?

ಹೊಟ್ಟೆಯ ವಿಚಾರ

ನಮ್ಮ ದೋಣಿಯಲ್ಲಿ ನೀರಿಗಿಳಿದು ಕಷ್ಟಪಟ್ಟವರಿಗಿಂತ ದೋಣಿಯಲ್ಲಿಯೇ ಕುಳಿತು ಕಷ್ಟಪಟ್ಟವರು ಹೆಚ್ಚು. ದಡದಿಂದ ದ್ವೀಪಕ್ಕೆ ಒಂದರಿಂದ ಒಂದೂವರೆ ಗಂಟೆಯ ಹಾದಿ. ಸಾಗುವಾಗ ಅಷ್ಟು ತೊಂದರೆಯಿಲ್ಲ. ಲಂಗರು ಹಾಕಿ ನಿಂತಾಗ ದೋಣಿ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಆಗ ಹೊಟ್ಟೆ ತೊಳೆಸುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಳ್ಳಬೇಕು. ಹೊಟ್ಟೆ ತೊಳೆಸಿದ ಮೇಲೆ ನುಂಗಿದರೆ ಅದು ಒಳಗೆ ನಿಲ್ಲುವುದಿಲ್ಲ. ದೋಣಿ ಏರುವುದಕ್ಕೆ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ. ನೀರಿಗಿಳಿಯುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ, ಮನೆಯಲ್ಲಿಯೇ ಒಂದು ದಿನ ತೆಗೆದುಕೊಂಡು ನೋಡಿರಬೇಕು. ಹಸಿಶುಂಠಿಯ ಚೂರು ಅಥವಾ ಒಣಶುಂಠಿ ಬೆರೆಸಿದ ಬೆಲ್ಲದ ಉಂಡೆ ಬಾಯಲ್ಲಿದ್ದರೆ ಹಲವರಿಗೆ ಹಿತವಾಗುತ್ತದೆ. ಮಂಡ್ಯದವರಿಗೆ ಬೆಲ್ಲಕ್ಕೇನು ಬರಗಾಲ?

ವೈದ್ಯನಾಥಪುರದ ತಾಯಿ ಪ್ರೀತಿಯಿಂದ ಮದ್ದೂರು ವಡೆಯ ದೊಡ್ಡ ಪೊಟ್ಟಣವನ್ನೇ ಕಟ್ಟಿದ್ದರು. ರೈಲಿನಲ್ಲಿ ಅದು ಅಮೃತ, ದೋಣಿಯಲ್ಲಿ ಅಲ್ಲ. ಈರುಳ್ಳಿ ಮತ್ತು ಎಣ್ಣೆಯ ವಾಸನೆ ಡೀಸೆಲ್ ಹೊಗೆಯೊಡನೆ ಬೆರೆತಾಗ ಪೊಟ್ಟಣ ಬಿಚ್ಚಿದವರಿಗೂ ಪಕ್ಕದವರಿಗೂ ಸಂಕಟವಾಯಿತು. ಹಾಗೆಂದು ಬರಿಹೊಟ್ಟೆಯಲ್ಲಿ ಹೋಗುವುದೂ ತಪ್ಪು. ಹೊರಡುವುದಕ್ಕೆ ಎರಡು ಗಂಟೆ ಮೊದಲು ಎರಡು ಇಡ್ಲಿ ತಿಂದರೆ ಸಾಕು. ದೋಣಿಗೆ ಹುರಿಗಡಲೆ, ಕೊಬ್ಬರಿ ಬೆಲ್ಲ, ಎಣ್ಣೆಯಿಲ್ಲದ ಒಣ ಚಪಾತಿ, ಬಾಳೆಹಣ್ಣು ಒಯ್ಯಿರಿ. ದೋಣಿಯವರು ತಿನಿಸು ಕೊಡುವುದುಂಟು; ಅದು ಸಸ್ಯಾಹಾರವೇ ಎಂದು ಹಿಂದಿನ ದಿನವೇ ಕೇಳಿಕೊಂಡರೆ ಆಮೇಲೆ ಹಸಿದಿರುವ ಪ್ರಸಂಗ ಬರುವುದಿಲ್ಲ.

ನೀರು ತಲೆಗೆ ಎರಡು ಲೀಟರು ಇರಲಿ. ಉರುಳೆಯ ಗಾಳಿ ತೇವವಿಲ್ಲದ್ದು. ಸುತ್ತಲೂ ನೀರಿದ್ದರೂ ಬಾಯಿ ಒಣಗುತ್ತದೆ. ಉಪ್ಪು ಸಕ್ಕರೆ ಬೆರೆಸುವ ಪುಡಿಯ ಒಂದೆರಡು ಪೊಟ್ಟಣ ಜೊತೆಗಿರಲಿ. ಎಳನೀರಿನ ನಾಡಾದ ಮದ್ದೂರಿನವರಿಗೆ ಇದರ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ವಾಂತಿ ಬರುವವರಿಗೆ ನಾಲ್ಕು ಗಟ್ಟಿಯಾದ ಕಾಗದದ ಚೀಲಗಳು, ಬಾಯಿ ಮುಕ್ಕಳಿಸಲು ಬೇರೆ ಬಾಟಲಿ. ದೋಣಿಯ ನಡುಭಾಗದಲ್ಲಿ ಕುಳಿತು ದೂರದ ಬಾನಂಚನ್ನು ನೋಡುತ್ತಿದ್ದರೆ ತಲೆ ತಿರುಗುವುದು ಕಡಿಮೆ. ಕೈಯಲ್ಲಿನ ದೂರವಾಣಿಯನ್ನು ನೋಡುತ್ತ ಕುಳಿತವರೇ ಮೊದಲು ಮಲಗಿದರೆಂಬುದು ನಾವು ಕಣ್ಣಾರೆ ಕಂಡ ಸಂಗತಿ.

ಬಟ್ಟೆ, ಬಿಸಿಲು, ಚಳಿ

ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬುವುದು ಎಲ್ಲರೂ ಮಾಡುವ ತಪ್ಪು. ಚೀಲ ಎರಡಿರಬೇಕು: ಒಣಗಿದ್ದಕ್ಕೆ ಒಂದು, ಒದ್ದೆಗೆ ಒಂದು. ಒಣ ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ಒಳಚೀಲವಿಟ್ಟು ಬಾಯಿ ಮಡಿಸಿ ಕಟ್ಟಬೇಕು. ಅಲೆಯ ತುಂತುರು ಎಲ್ಲಿಗೂ ನುಗ್ಗುತ್ತದೆ. ಬದಲಿ ಬಟ್ಟೆ, ಬೇಗ ಒಣಗುವ ತೆಳುವಾದ ಟವೆಲ್ಲು ತಲೆಗೊಂದು, ಮತ್ತು ಒಂದು ಶಾಲು ಅಥವಾ ಗಾಳಿ ತಡೆಯುವ ಅಂಗಿ. ಬಿಸಿಲಿನಲ್ಲಿ ಶಾಲೇಕೆ ಎಂದು ಮಕ್ಕಳು ನಕ್ಕಿದ್ದರು. ನೀರಿನಿಂದೆದ್ದು ಒದ್ದೆ ಮೈಗೆ ಕಡಲಗಾಳಿ ಬಡಿದಾಗ ಮೂವರಲ್ಲಿ ಇಬ್ಬರು ನಡುಗುತ್ತಿದ್ದರು. ಒಂದೇ ಶಾಲಿಗೆ ಇಬ್ಬರ ಜಗಳ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಸೂಚನೆ. ಕೆಲವು ದೋಣಿಗಳಲ್ಲಿ ಬಟ್ಟೆ ಬದಲಿಸುವ ಮರೆಯಾಗಲಿ ಶೌಚದ ವ್ಯವಸ್ಥೆಯಾಗಲಿ ಇರುವುದಿಲ್ಲ. ಮುಂಗಡ ಹಣ ಕೊಡುವಾಗಲೇ ಇದನ್ನು ನಾಚಿಕೆಯಿಲ್ಲದೆ ವಿಚಾರಿಸಬೇಕು. ಕೊರಳಿನಿಂದ ಪಾದದವರೆಗೆ ಬರುವ ಸಡಿಲವಾದ ಅಂಗಿಯೊಂದನ್ನು ಒಯ್ದರೆ ಅದರೊಳಗೇ ಬಟ್ಟೆ ಬದಲಿಸಬಹುದು. ಕೂದಲು ಉದ್ದವಿದ್ದರೆ ಹೆಣೆದು ಕಟ್ಟಲು ರಬ್ಬರಿನ ಪಟ್ಟಿಗಳಿರಲಿ. ಮುಖಕವಚದ ಅಂಚಿನಲ್ಲಿ ಒಂದೆಳೆ ಕೂದಲು ಸಿಕ್ಕಿದರೂ ನೀರು ಒಳನುಗ್ಗುತ್ತದೆ. ಗಂಡಸರ ದಪ್ಪ ಮೀಸೆಗೂ ಈ ಮಾತು ಸಲ್ಲುತ್ತದೆ.

ಬಿಸಿಲಿಗೆ ಕೊಡೆ ಹಿಡಿಯುತ್ತೇವೆಂದು ನಾವು ಕೊಡೆಯನ್ನೇ ಒಯ್ದಿದ್ದೆವು. ಗಾಳಿಗೆ ಅದು ತಿರುಗಿ ಮುರುಟಿತು. ಗದ್ದಕ್ಕೆ ದಾರ ಕಟ್ಟುವ ಟೊಪ್ಪಿಗೆಯೇ ಸರಿ. ಚರ್ಮಕ್ಕೆ ಹಚ್ಚುವ ಬಿಸಿಲು ಲೇಪಗಳಲ್ಲಿ ಆಕ್ಸಿಬೆಂಜೋನ್, ಆಕ್ಟಿನೊಕ್ಸೇಟ್ ಎಂಬ ದ್ರವ್ಯಗಳು ಹವಳಕ್ಕೆ ಕೇಡೆಂದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ೨೦೨೧ರಿಂದ ಅವುಗಳ ಮಾರಾಟಕ್ಕೇ ತಡೆ ಹಾಕಿದ್ದಾರೆ. ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ಓದಿರಿ. ತುಂಬು ತೋಳಿನ ಹತ್ತಿಯ ಅಂಗಿ ಎಲ್ಲಕ್ಕಿಂತ ನಿರಪಾಯ.

ಕಣ್ಣು, ಔಷಧ, ಕಾಗದ

ಕನ್ನಡಕದ ಮೇಲೆ ಮುಖಕವಚ ಕೂರುವುದಿಲ್ಲ. ದೃಷ್ಟಿದೋಷವುಳ್ಳವರು ಕವಚಕ್ಕೇ ಮಸೂರವಿರುವುದು ದೊರೆಯುತ್ತದೆಯೆ ಎಂದು ಮೊದಲೇ ಕೇಳಬೇಕು. ಕನ್ನಡಕಕ್ಕೆ ಗಟ್ಟಿ ಡಬ್ಬಿಯೊಂದು, ಕಿವಿಯಿಂದ ಕಿವಿಗೆ ಕಟ್ಟುವ ದಾರವೊಂದು ಇರಲಿ. ಹಳೆಯ ಕನ್ನಡಕವನ್ನು ತಂಗುವ ಕೋಣೆಯಲ್ಲಿ ಬಿಟ್ಟಿದ್ದರೆ, ಹೊಸದು ಕಡಲಿಗೆ ಬಿದ್ದರೂ ಮನೆಯ ದಾರಿ ಕಾಣುತ್ತದೆ.

ನಿತ್ಯ ತೆಗೆದುಕೊಳ್ಳುವ ಔಷಧಿ, ಗಾಯಕ್ಕೆ ಕಟ್ಟುವ ಪಟ್ಟಿ, ಕ್ರಿಮಿನಾಶಕ ದ್ರವದ ಸಣ್ಣ ಸೀಸೆ, ಇವು ಒಂದು ಡಬ್ಬಿಯಲ್ಲಿ. ಹವಳದ ಅಂಚು ತಗುಲಿದರೆ ಗೀರು ಸಣ್ಣದಾದರೂ ಬೇಗ ಕೀವಾಗುತ್ತದೆ. ಕೂಡಲೇ ಶುದ್ಧ ನೀರಿನಲ್ಲಿ ತೊಳೆಯಬೇಕು. ಗುರುತಿನ ಚೀಟಿ, ಮನೆಯವರ ದೂರವಾಣಿ ಸಂಖ್ಯೆ, ರಕ್ತದ ಗುಂಪು, ಔಷಧಿಗಳ ಹೆಸರು, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಲಕೋಟೆಯಲ್ಲಿಡಿ. ಎಲ್ಲವೂ ದೂರವಾಣಿಯಲ್ಲೇ ಇದೆ ಎನ್ನುವ ಮಕ್ಕಳಿಗೆ, ಅದು ನೀರಿನಲ್ಲಿ ನೆನೆದರೆ ಏನು ಗತಿ ಎಂದು ಕೇಳಿರಿ.

ಮನೆಯಲ್ಲಿ ಬಿಡಬೇಕಾದವೂ ಉಂಟು. ನೀರಿನ ತಂಪಿಗೆ ಬೆರಳು ಕುಗ್ಗಿ ಉಂಗುರ ಜಾರುತ್ತದೆ. ಬಳೆ, ಸರ, ಕಾಲ್ಗೆಜ್ಜೆ ಸಲಕರಣೆಗೆ ಸಿಕ್ಕುತ್ತವೆ. ಇವು ಊರಿನಲ್ಲಿಯೇ ಇರಲಿ. ತರಬೇಕಾದದ್ದು ಮಾತ್ರ ಒಂದಿದೆ: ನಮ್ಮ ಕಸವನ್ನು ಹಿಂದಕ್ಕೆ ತರುವ ಖಾಲಿ ಚೀಲ. ಕಡಲಿನಿಂದ ಮಾತ್ರ ಏನನ್ನೂ ತರಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ರಕ್ಷಣೆ ಕೊಟ್ಟಿದೆ; ನೆನಪಿಗೆಂದು ಮುರಿದು ತಂದ ಚೂರು ಅಪರಾಧವಾಗುತ್ತದೆ. ಕಾಯ್ದೆ ಇಲ್ಲದಿದ್ದರೂ, ಸಕಲ ಜೀವಾತ್ಮರಿಗೆ ಲೇಸನ್ನು ಬಯಸಿದ ಶರಣರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ.

ಲಿಂಗದ ಮಾತು

ಇನ್ನು ಆ ತಾಯಿಯ ಎರಡನೆಯ ಪ್ರಶ್ನೆ. ಅಂದು ವೈದ್ಯನಾಥಪುರದಲ್ಲಿ ನಾವು ನುಲಿಯ ಚಂದಯ್ಯನವರ ಪ್ರಸಂಗವನ್ನು ಹೇಳಿದ್ದೆವು. ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದದ್ದರಿಂದ ಜಂಗಮದಾಸೋಹ ಮಾಡುತ್ತಿದ್ದ ಶರಣರು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗ ನೀರಿಗೆ ಬಿತ್ತು. ಅವರು ಕಾಯಕವನ್ನು ಬಿಟ್ಟು ಹಿಂದಿರುಗಿ ನೋಡಲಿಲ್ಲ. ಲಿಂಗವೇ ಅವರ ಹಿಂದೆ ಬಂದಿತು. ಆಗ ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಮಾಡಿಸಿದರೆಂದು ಶೂನ್ಯಸಂಪಾದನೆಯಲ್ಲಿ ಬಂದಿದೆ. ಲಿಂಗವನ್ನು ಅಂಗದಿಂದ ಅಗಲಿಸಬಾರದು, ಆದರೆ ಭಯದಿಂದ ಧರಿಸುವ ಲಿಂಗವೂ ಅಲ್ಲ ಅದು, ಎಂದು ವಿವರಿಸಿದೆವು. ಆ ತಾಯಿ ಕೈಮುಗಿದರು. ನಮಗೂ ಉತ್ತರ ಚೆನ್ನಾಯಿತೆಂದು ಸಮಾಧಾನವಾಯಿತು.

ದೋಣಿಯಲ್ಲಿ ನಡೆದದ್ದು ಹೀಗೆ. ಶಿಕ್ಷಕನು ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದನು. ಅದು ಅವನ ಕರ್ತವ್ಯ. ನೇತಾಡುವ ದಾರ ಗಾಳಿಯ ಕೊಳವೆಗೆ ಸಿಕ್ಕಿದರೆ ಅಪಾಯ. ಊರಿನಲ್ಲಿ ಬೇಸಾಯ ನೋಡಿಕೊಳ್ಳುವ ದೊಡ್ಡಪ್ಪನ ಮಗ ಗಡಿಬಿಡಿಯಲ್ಲಿ ಶಿವದಾರ ಸಹಿತ ಲಿಂಗವನ್ನು ತೆಗೆದು, ಟವೆಲ್ಲಿನಲ್ಲಿ ಸುತ್ತಿ, ಹಲಗೆಯ ಮೇಲಿಟ್ಟು ನೀರಿಗಿಳಿದ. ಅಷ್ಟರಲ್ಲಿ ಮೊದಲು ಇಳಿದಿದ್ದ ತಂಗಿ ನಡುಗುತ್ತ ಮೇಲೆ ಬಂದಳು. ಕೈಗೆ ಸಿಕ್ಕ ಟವೆಲ್ಲನ್ನು ಕೊಡವಿ ಹೊದ್ದುಕೊಂಡಳು. ಹುಡುಗ ಮೇಲೆ ಬಂದು ನೋಡಿದಾಗ ಲಿಂಗವಿಲ್ಲ.

ಆ ಕ್ಷಣವನ್ನು ಬರೆಯುವುದು ಕಷ್ಟ. ಹುಡುಗ ಬಿಳಿಚಿಕೊಂಡ. ತಂಗಿ ಅಳತೊಡಗಿದಳು. ಚಿಕ್ಕಪ್ಪನವರು ಏನೂ ಹೇಳದೆ ನಮ್ಮ ಮುಖ ನೋಡಿದರು. ಲಿಂಗ ಕಳೆದವನು ಬದುಕಿರಬಾರದೆಂಬ ಕಠಿಣವಾದ ಮಾತನ್ನು ಆ ಮನೆಯ ಅಜ್ಜಿ ಹೇಳುತ್ತಿದ್ದುದನ್ನು ಹುಡುಗ ಬಾಲ್ಯದಿಂದ ಕೇಳಿದ್ದ. ನಾವು ಅರ್ಧ ಗಂಟೆ ಹೇಳಿದ್ದ ವ್ಯಾಖ್ಯಾನ ಆಗ ಯಾರಿಗೂ ನೆನಪಿಗೆ ಬರಲಿಲ್ಲ, ನಮಗೂ ಬರಲಿಲ್ಲ. ಮೊಣಕಾಲೂರಿ ಹಲಗೆಗಳ ಸಂದಿಯಲ್ಲಿ ಹುಡುಕತೊಡಗಿದೆವು.

ದೋಣಿ ನಡೆಸುವವನು ಮಧ್ಯವಯಸ್ಸಿನ ಮೀನುಗಾರ. ಯಾರೂ ಅಲುಗಾಡಬೇಡಿ ಎಂದು ಹೇಳಿ ಹಲಗೆಗಳನ್ನು ಒಂದೊಂದಾಗಿ ಎತ್ತಿದ. ಲಂಗರಿನ ಹಗ್ಗದ ಸುರುಳಿಯ ಪಕ್ಕದಲ್ಲಿ, ಎಣ್ಣೆ ಬೆರೆತ ನೀರಿನಲ್ಲಿ, ಲಿಂಗವಿತ್ತು. ಅವನು ಅದನ್ನು ಹಾಗೆಯೇ ಕೊಡಲಿಲ್ಲ. ತನ್ನ ಕುಡಿಯುವ ನೀರಿನಿಂದ ತೊಳೆದು, ಎರಡೂ ಕೈಯಲ್ಲಿ ಹಿಡಿದು ಹುಡುಗನ ಅಂಗೈಗೆ ಇಟ್ಟ. ಆಮೇಲೆ ನಮ್ಮ ಕಡೆ ತಿರುಗಿ, “ನಮ್ಮೂರ ಕಥೆನೂ ಇದೇ ಅಲ್ದಾ ಸ್ವಾಮಿ? ಕೆಳಗಿಟ್ಟದ್ದೇ ತಪ್ಪಾಯ್ತು” ಎಂದ.

ಆ ಕರಾವಳಿಯ ಕಥೆ ಓದುಗರಿಗೆ ಗೊತ್ತಿದ್ದದ್ದೇ. ರಾವಣನು ತರುತ್ತಿದ್ದ ಆತ್ಮಲಿಂಗ ಗೋಕರ್ಣದಲ್ಲಿ ನೆಲ ಮುಟ್ಟಿತು, ಮತ್ತೆ ಮೇಲೇಳಲಿಲ್ಲ. ಲಿಂಗಕ್ಕೆ ಹೊದಿಸಿದ್ದ ವಸ್ತ್ರ ಬಿದ್ದ ಸ್ಥಳವೇ ಮುರುಡೇಶ್ವರವೆಂದು ಪ್ರತೀತಿ. ಸ್ಥಾವರಲಿಂಗದ ಕಥೆಗೂ ಶರಣರ ಇಷ್ಟಲಿಂಗಕ್ಕೂ ಇರುವ ಭೇದವನ್ನು ನಾವು ಬಲ್ಲೆವು. ಆದರೂ ಆ ಅಂಬಿಗನ ಮಾತಿಗೆ ಎದುರು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಅಂಬಿಗರ ಚೌಡಯ್ಯನವರ ಪರಂಪರೆಯ ನಾಡಿನಲ್ಲಿ ದೋಣಿಯವನಿಂದ ಪಾಠ ಕಲಿತದ್ದಕ್ಕೆ ನಮಗೆ ಸಂಕೋಚವೂ ಇಲ್ಲ. ಲಿಂಗವನ್ನು ಅಗಲಿಸಬಾರದೆಂದು ಆ ಮನೆಯಲ್ಲಿ ಹೇಳಿದ ನಾವು, ಅಗಲದಂತೆ ಕಟ್ಟುವುದು ಹೇಗೆಂದು ಹೇಳಿರಲಿಲ್ಲ. ತಾಯಿ ಕೇಳಿದ್ದು ದಾರದ ಮಾತು. ನಾವು ಹೇಳಿದ್ದು ಶಾಸ್ತ್ರದ ಮಾತು. ಚಂದಯ್ಯನವರ ಹಿಂದೆ ಲಿಂಗ ತಾನಾಗಿ ಬಂದಿತು. ನಮ್ಮಂಥವರು ಗಂಟು ಹಾಕಿಕೊಳ್ಳಬೇಕು.

ಕಟ್ಟಿಕೊಳ್ಳುವ ಬಗೆ

ಮರುದಿನ ಶಿಕ್ಷಕನನ್ನೂ ಕೇಳಿ, ಮನೆಯ ಹೆಂಗಸರೊಡನೆ ಕುಳಿತು ಯೋಚಿಸಿ, ನಾವು ಕಂಡುಕೊಂಡ ಕ್ರಮವಿದು. ಬೆಳ್ಳಿಯ ಕರಡಿಗೆಯನ್ನು ನೀರಿಗೆ ಒಯ್ಯಬಾರದು. ಉಪ್ಪುನೀರಿಗೆ ಬೆಳ್ಳಿ ಕಪ್ಪಾಗುವುದು ಹಾಗಿರಲಿ, ಮುಚ್ಚಿದ ಕರಡಿಗೆಯೊಳಗೆ ಗಾಳಿಯಿರುತ್ತದೆ. ೧೦ ಮೀಟರು ಆಳದಲ್ಲಿ ಆ ಗಾಳಿ ಅರ್ಧಕ್ಕೆ ಕುಗ್ಗುವಷ್ಟು ಒತ್ತಡ ಬೀಳುವುದರಿಂದ ಕರಡಿಗೆ ಬಿಗಿದುಕೊಳ್ಳಬಹುದು, ಅಥವಾ ನೀರು ನುಗ್ಗಬಹುದು. ಬಿಳಿಯ ಹತ್ತಿಬಟ್ಟೆಯ ಸಣ್ಣ ಚೀಲವನ್ನು ಎರಡು ಹೊಲಿಗೆ ಹಾಕಿ ಹೊಲಿಯಿರಿ. ಲಿಂಗವನ್ನಿಟ್ಟ ಮೇಲೆ ಅದರ ಬಾಯನ್ನೂ ನಾಲ್ಕು ಹೊಲಿಗೆ ಹಾಕಿ ಮುಚ್ಚಿರಿ. ನೇತಾಡುವ ಶಿವದಾರಕ್ಕೆ ಬದಲಾಗಿ ಎರಡು ಬೆರಳಗಲದ ಬಟ್ಟೆಯ ಪಟ್ಟಿಯನ್ನು ಆ ಚೀಲಕ್ಕೆ ಸೇರಿಸಿ ಹೊಲಿದು, ಎಡ ಹೆಗಲಿನಿಂದ ಬಲ ಕಂಕುಳಿಗೆ ಬರುವಂತೆ ಮೈಗೆ ಹತ್ತಿಸಿ ಕಟ್ಟಬೇಕು. ಉಸಿರಾಟಕ್ಕೆ ಬಿಗಿಯಾಗಬಾರದು, ಜಾರುವಷ್ಟು ಸಡಿಲವೂ ಆಗಬಾರದು. ನಾಭಿಯಿಂದ ಕೆಳಗೆ ಲಿಂಗ ಇಳಿಯಬಾರದೆಂಬ ಹಿರಿಯರ ನಿಯಮಕ್ಕೂ ಇದು ಸರಿಹೋಗುತ್ತದೆ. ಅದರ ಮೇಲೆ ರಬ್ಬರಿನ ಅಂಗಿ ತೊಟ್ಟರೆ ಹೊರಗೆ ಯಾವ ದಾರವೂ ಕಾಣುವುದಿಲ್ಲ, ಯಾವುದಕ್ಕೂ ಸಿಕ್ಕುವುದಿಲ್ಲ. ಇದನ್ನು ದಡದಲ್ಲಿಯೇ ಕಟ್ಟಿಕೊಂಡು, ಶಿಕ್ಷಕನಿಗೆ ತೋರಿಸಿ, ಅವನ ಒಪ್ಪಿಗೆ ಪಡೆದು ದೋಣಿ ಏರಬೇಕು.

ಶಿಕ್ಷಕನು ಒಪ್ಪದಿದ್ದರೆ? ನೀರಿನೊಳಗೆ ಪ್ರಾಣದ ಹೊಣೆ ಅವನದು. ಅವನೊಡನೆ ವಾದ ಬೇಡ. ಅಂಥ ಸಂದರ್ಭದಲ್ಲಿ ದೋಣಿಯಲ್ಲಿ ಉಳಿಯುವ ಮನೆಯ ಹಿರಿಯರೊಬ್ಬರು ಆ ಚೀಲವನ್ನು ತಮ್ಮ ಎದೆಯ ಮೇಲೆ ಕಟ್ಟಿಕೊಂಡು ಕಾಯಲಿ. ಟವೆಲ್ಲಿನಲ್ಲಿ, ಪಾದರಕ್ಷೆಯಲ್ಲಿ, ಕೈಚೀಲದ ಮಗ್ಗುಲಲ್ಲಿ ಇಡುವುದು ಮಾತ್ರ ಎಂದಿಗೂ ಬೇಡ. ಹಾಗೆ ಕೊಡುವುದಕ್ಕೂ ಮನಸ್ಸೊಪ್ಪದವರು ದೋಣಿಯಲ್ಲಿಯೇ ಕುಳಿತು ಕಡಲನ್ನು ನೋಡಿ ಬರಲಿ. ಅದರಿಂದ ಯಾವ ನಷ್ಟವೂ ಇಲ್ಲ. ಈ ವಿಷಯದಲ್ಲಿ ಮನೆಮನೆಯ ನಡೆ ಬೇರೆ. ನಿಮ್ಮ ಗುರುಗಳನ್ನು ಕೇಳಿ ನಿರ್ಧರಿಸಿರಿ. ಎಷ್ಟು ಎಚ್ಚರಿಕೆ ವಹಿಸಿದರೂ ಲಿಂಗ ಕಳೆದೇ ಹೋದರೆ, ಮಕ್ಕಳು ಹೆದರಿ ಮುಚ್ಚಿಡದೆ ಹಿರಿಯರಿಗೆ ತಿಳಿಸಬೇಕು. ಗುರುವು ಮತ್ತೆ ಕರುಣಿಸುತ್ತಾನೆ. ಕಳೆದ ಲಿಂಗಕ್ಕೆ ಪ್ರಾಣವನ್ನೇ ತೆರಬೇಕೆಂಬ ಮಾತನ್ನು ಮನೆಗಳಲ್ಲಿ ಮಕ್ಕಳ ಕಿವಿಗೆ ಹಾಕಬೇಡಿರಿ. ಆ ದಿನ ಆ ಹುಡುಗನ ಮುಖವನ್ನು ಕಂಡ ಮೇಲೆ ಇದನ್ನು ಸ್ಪಷ್ಟವಾಗಿ ಬರೆಯುವುದು ನಮ್ಮ ಹೊಣೆಯೆನಿಸಿದೆ.

ಹಾಗಾಗಿ ಗಂಟಿಗೆ ಇನ್ನು ಮೂರು ವಸ್ತು ಸೇರಲಿ. ಸೂಜಿ ದಾರದೊಡನೆ ಈ ಬಟ್ಟೆಯ ಚೀಲ ಮತ್ತು ಪಟ್ಟಿ. ಊರಿನ ಸಿಹಿನೀರಿನ ಒಂದು ಬಾಟಲಿ. ಮುಚ್ಚಳ ಭದ್ರವಾದ ಪುಟ್ಟ ವಿಭೂತಿ ಡಬ್ಬಿ. ದಡಕ್ಕೆ ಬಂದೊಡನೆ ಲಿಂಗವನ್ನು ಆ ನೀರಿನಿಂದ ತೊಳೆದು ಉಪ್ಪನ್ನು ಕಳೆದು, ಒರಸಿ, ಕರಡಿಗೆಗೆ ಸೇರಿಸಬೇಕು. ಕಡಲು ಅಳಿಸಿದ ವಿಭೂತಿಯನ್ನು ಮತ್ತೆ ಹಣೆಗೆ ಧರಿಸಿಕೊಳ್ಳಬೇಕು.

ಹೆಚ್ಚಿಗೆ ಬೇಕಾದ ಒಂದು ರಾತ್ರಿ

ಕೊನೆಯದು ಗಂಟಿನಲ್ಲಿ ಕಟ್ಟಲಾಗದ ವಸ್ತು: ಒಂದು ರಾತ್ರಿ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಬೀಳಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುವಂತೆ ಮೈಯಲ್ಲಿ ಗುಳ್ಳೆ ಏಳುವ ಅಪಾಯವಿದೆ. ಒಂದು ಸಲ ಮುಳುಗಿದವರು ಕನಿಷ್ಠ ೧೨ ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ ೧೮ ಗಂಟೆ ವಿಮಾನ ಏರಬಾರದೆಂದು ಮುಳುಗುವವರ ಸುರಕ್ಷತೆಯನ್ನು ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ತಿ಼ಳಿಸುತ್ತದೆ. ನಾವು ವಿಮಾನದಲ್ಲಿ ಹೋಗುವುದಿಲ್ಲವಲ್ಲ ಎಂದು ಅಲಕ್ಷ್ಯ ಮಾಡಬೇಡಿರಿ. ಮುರುಡೇಶ್ವರ ಕಡಲಮಟ್ಟದಲ್ಲಿದೆ, ಮಂಡ್ಯ ಸೀಮೆ ಕಡಲಮಟ್ಟದಿಂದ ೬೦೦ ಮೀಟರಿಗೂ ಎತ್ತರದಲ್ಲಿದೆ. ರೈಲಾಗಲಿ ಬಸ್ಸಾಗಲಿ ಘಟ್ಟ ಹತ್ತಲೇಬೇಕು. ಆದುದರಿಂದ ಬೆಳಿಗ್ಗೆ ಮುಳುಗಿ ಸಂಜೆಗೇ ಊರಿಗೆ ಹೊರಡುವ ಆತುರ ಬೇಡ. ಒಂದು ರಾತ್ರಿ ದಡದಲ್ಲಿಯೇ ತಂಗಿರಿ. ಆ ರಾತ್ರಿಯಾಗಲಿ ಮರುದಿನವಾಗಲಿ ಕೀಲುನೋವು, ಜೋಮು, ತಲೆಸುತ್ತು, ಉಸಿರಿನ ತೊಂದರೆ ಕಂಡರೆ ಸುಸ್ತೆಂದು ಮಲಗದೆ ವೈದ್ಯರಲ್ಲಿಗೆ ಹೋಗಿ, ಸಮುದ್ರದಲ್ಲಿ ಮುಳುಗಿದ್ದೆವೆಂದು ಮೊದಲು ಹೇಳಬೇಕು.

ನಾವೂ ಹಾಗೆಯೇ ಒಂದು ರಾತ್ರಿ ಉಳಿದೆವು. ಸಂಜೆ ಕಂದುಕಗಿರಿಯ ಕೆಳಗೆ ಮರಳಿನ ಮೇಲೆ ಕುಳಿತಿದ್ದಾಗ ಆ ತಾಯಿ ಹಳೆಯ ಪಂಚೆಯೊಂದನ್ನು ಹರಿದು ಮೂರು ಪುಟ್ಟ ಚೀಲಗಳನ್ನು ಹೊಲಿಯುತ್ತಿದ್ದರು. ಈ ಸಲಕ್ಕೆ ಮುಗಿಯಿತಲ್ಲ ತಾಯಿ ಎಂದೆವು. “ಮುಂದಿನ ವರ್ಷನೂ ಹೋಯ್ತವೆ ಬುದ್ಧಿ” ಎಂದು ಅವರು ದಾರವನ್ನು ಹಲ್ಲಿನಿಂದ ಕಡಿದು ಗಂಟು ಹಾಕಿದರು.